ವೃತ್ತ ಹೋಯಿತು, ಬೆಟ್ಟ ಬಂತು: ವಿಒಆರ್ ವ್ಯಾಪ್ತಿಯ ಕೆಲಸ ಎಲ್ಲಿಗೆ ಬಂದಿದೆ

ನನ್ನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ವಿಮಾನಗಳಿಗೆ ರೇಡಿಯೊ ಅಲೆಗಳಿಂದ ದಿಕ್ಕು ತಿಳಿಸುವ ನೆಲದ ಮೇಲಿನ ವಿಒಆರ್ ಕೇಂದ್ರಗಳ ಸುತ್ತ ಇದ್ದ ವ್ಯಾಪ್ತಿಯ ವೃತ್ತಗಳನ್ನು ಈ ವಾರ ಕಿತ್ತುಹಾಕಿದೆ. ಪ್ರತಿ ಕೇಂದ್ರಕ್ಕೂ ನಿಗದಿತ ದೂರ. ಒಳಗಿದ್ದರೆ ಪೂರ್ತಿ ಸಿಗ್ನಲ್, ಗಡಿ ದಾಟಿದರೆ ಶೂನ್ಯ. ನಡುವೆ ಬೆಟ್ಟಸಾಲೇ ಅಡ್ಡ ನಿಂತಿದ್ದರೂ ವಿಮಾನದೊಳಗಿನ ದಿಕ್ಕುಸೂಚಕದ ಮುಳ್ಳು ಅಲುಗುತ್ತಿರಲಿಲ್ಲ. 108ರಿಂದ 117.95 ಮೆಗಾಹರ್ಟ್ಸ್‌ವರೆಗಿನ ಈ ಅಲೆಗಳು ಬಹುಮಟ್ಟಿಗೆ ನೇರ ಹಾದಿ ಹಿಡಿಯುವಂಥವು. ಅವುಗಳ ವ್ಯಾಪ್ತಿಯನ್ನು ನೆಲವೇ ತೀರ್ಮಾನಿಸಬೇಕು ಎಂಬುದು ನನ್ನ ಹಟ.

ಭೂಮಿಯ ದುಂಡುತನದ ಲೆಕ್ಕ ಬೇಗ ಮುಗಿಯಿತು. ಅಡಿಗಳಲ್ಲಿರುವ ವಿಮಾನದ ಎತ್ತರದ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ರೇಡಿಯೊ ದಿಗಂತದ (ಅಲೆ ನೇರವಾಗಿ ತಲುಪಬಲ್ಲ ಗಡಿಯ) ದೂರ ನಾಟಿಕಲ್ ಮೈಲಿಗಳಲ್ಲಿ ಸಿಗುತ್ತದೆ: 1,000 ಅಡಿಯಲ್ಲಿ 39, 10,000 ಅಡಿಯಲ್ಲಿ 123.

ಸಮಯ ಹಿಡಿದದ್ದು ಬೆಟ್ಟಗಳೇ. ಕೇಂದ್ರದಿಂದ ವಿಮಾನದವರೆಗೆ ಎಳೆದ ಗೆರೆಯುದ್ದಕ್ಕೂ ನೆಲದ ಎತ್ತರವನ್ನು ಓದಿ, ಭೂಮಿಯ ಉಬ್ಬನ್ನೂ ಅದಕ್ಕೆ ಸೇರಿಸಿ, ಎಲ್ಲಕ್ಕಿಂತ ಹೆಚ್ಚು ಅಡ್ಡಬರುವ ಶಿಖರವನ್ನು ಹುಡುಕುತ್ತೇನೆ. ಅದನ್ನು ಚೂಪಾದ ಅಲಗು ಎಂದು ಭಾವಿಸಿ ವಿವರ್ತನೆಯ (ಅಲೆ ಅಂಚಿನಲ್ಲಿ ಬಾಗಿ ಆಚೆಗೆ ಹರಡುವುದರ) ನಷ್ಟವನ್ನು ಕಳೆಯುತ್ತೇನೆ. ಇಲ್ಲೇ ಸ್ವಾರಸ್ಯವಿರುವುದು. ಗೆರೆ ಶಿಖರದ ತುದಿಯನ್ನು ಬರಿದೇ ಸವರಿಕೊಂಡು ಹೋದರೂ 6 ಡೆಸಿಬಲ್ ನಷ್ಟ, ಅಂದರೆ ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಷ್ಟು. ಕೇಂದ್ರದಿಂದ 20 ಕಿ.ಮೀ., ವಿಮಾನದಿಂದ 40 ಕಿ.ಮೀ. ದೂರದ ಬೆಟ್ಟವೊಂದು ಗೆರೆಗಿಂತ 200 ಮೀಟರ್ ಮೇಲೆದ್ದಿದ್ದರೆ 113 ಮೆಗಾಹರ್ಟ್ಸ್‌ನಲ್ಲಿ ನಷ್ಟ ಸುಮಾರು 17 ಡೆಸಿಬಲ್. ಕೇಂದ್ರ ಹತ್ತಿರವಿದ್ದರೆ ಇಷ್ಟು ನಷ್ಟದ ನಂತರವೂ ಸಿಗ್ನಲ್ ಉಳಿಯಬಹುದು. ಆದ್ದರಿಂದ ಬೆಟ್ಟ ಅಡ್ಡಬಂದ ಕೂಡಲೇ ಸಿಗ್ನಲ್ ಕತ್ತರಿಸುವುದೂ ವೃತ್ತದಷ್ಟೇ ಸುಳ್ಳು.

ಈಗ ಕಣಿವೆಗೆ ಇಳಿಯುತ್ತಾ ಹೋದರೆ ಮುಳ್ಳು ಮೊದಲು ತೂಗಾಡುತ್ತದೆ, ಸಿಗ್ನಲ್ ನಂಬುವಂತಿಲ್ಲ ಎಂದು ಎಚ್ಚರಿಸುವ ಫ್ಲ್ಯಾಗ್ ಒಮ್ಮೆ ಇಣುಕಿ ಮರೆಯಾಗುತ್ತದೆ, ಕೊನೆಗೆ ಬಂದು ನಿಲ್ಲುತ್ತದೆ. ಕೆಲವು ನೂರು ಅಡಿ ಏರಿದರೆ ಮತ್ತೆ ಜೀವ ಬರುತ್ತದೆ. ಎತ್ತರವೇ ಸಿಗ್ನಲ್ ಎಂಬುದನ್ನು ಪೈಲಟ್ ಕೈಯಾರೆ ಅನುಭವಿಸುವ ಈ ಗಳಿಗೆಗಾಗಿಯೇ ಇಷ್ಟೆಲ್ಲ ಪಾಡು.

ನೆಲದ ಎತ್ತರದ 90 ಮೀಟರ್ ಅಂತರದ ದತ್ತಾಂಶದಲ್ಲಿ 100 ನಾಟಿಕಲ್ ಮೈಲಿಗೆ ಎರಡು ಸಾವಿರದಷ್ಟು ಬಿಂದುಗಳಾಗುತ್ತವೆ. ಪ್ರತಿ ಫ್ರೇಮ್‌ಗೂ ಅಷ್ಟನ್ನು ಓದುವ ಅಗತ್ಯವಿಲ್ಲ. ಸೆಕೆಂಡಿಗೊಮ್ಮೆ ಲೆಕ್ಕ ಹಾಕಿ ನಡುವಿನ ಬೆಲೆಗಳನ್ನು ನಯವಾಗಿ ಜೋಡಿಸುತ್ತೇನೆ.

ಸಾಲಾಗಿ ಎರಡು ಮೂರು ಶಿಖರಗಳಿದ್ದರೆ ಒಂದೇ ಅಲಗಿನ ಲೆಕ್ಕ ನಷ್ಟವನ್ನು ಕಡಿಮೆ ತೋರಿಸುತ್ತದೆ, ಅದನ್ನು ತಿದ್ದಬೇಕು. ಆಮೇಲೆ ಎನ್‌ಡಿಬಿ, ಅಂದರೆ ಎಲ್ಲ ದಿಕ್ಕಿಗೂ ಒಂದೇ ಸಿಗ್ನಲ್ ಹರಡುವ ಇನ್ನೊಂದು ಬಗೆಯ ರೇಡಿಯೊ ಕೇಂದ್ರ. ಅದರ ಉದ್ದನೆಯ ಅಲೆಗಳು ನೆಲವನ್ನು ಅನುಸರಿಸಿ ಸಾಗುತ್ತವೆ. ರಾತ್ರಿ ಅಯಾನುಗೋಳದಿಂದ (ವಾತಾವರಣದ ಮೇಲಿನ, ವಿದ್ಯುದಾವೇಶದ ಪದರದಿಂದ) ಮರಳಿ ಬರುವ ಅಲೆ ಅವುಗಳೊಡನೆ ಬೆರೆತು ಎಡಿಎಫ್ (ಎನ್‌ಡಿಬಿಯ ದಿಕ್ಕು ತೋರಿಸುವ ವಿಮಾನದ ಉಪಕರಣ) ಮುಳ್ಳನ್ನು ಅಲೆದಾಡಿಸುತ್ತದೆ. ಅದಕ್ಕೆ ಬೆಟ್ಟದ ಲೆಕ್ಕ ಸಾಲದು, ಬೇರೆಯೇ ಮಾದರಿ ಕಟ್ಟಬೇಕು.