ಬ್ಯಾಳಿ ಬೇಯದ ನೀರು

ಕೊಳ್ಳಲು ನೋಡಹೋದ ಹಳೆಯ ಗಾಡಿಯ ರೇಡಿಯೇಟರಿನ ಮುಚ್ಚಳ ತಿರುವಿ ಬೆರಳು ಹಾಕಿದೆ. ಉಗುರಿನೊಳಗೆ ಬಿಳಿ ಹುಡಿ ಮೆತ್ತಿಕೊಂಡು ಬಂತು. ಎಂಜಿನ್ ತಣ್ಣಗಿಡುವ ಬಣ್ಣದ ದ್ರವ, ಕೂಲಂಟಿನ ಸುಳಿವೇ ಇರಲಿಲ್ಲ. ತುಕ್ಕು ಹಿಡಿದ ನೀರು, ಬಾಯಿಯ ಸುತ್ತ ಸುಣ್ಣದಂಥ ಪೊರೆ. ವಿಜಯಪುರದಲ್ಲಿ ಇಪ್ಪತ್ತು ವರ್ಷದಿಂದ ಬೋರ್‌ವೆಲ್ ಮೋಟರ್ ರಿಪೇರಿ ಮಾಡಿಕೊಂಡು ಬಂದವನಿಗೆ ಆ ಪೊರೆಯ ಗುರುತು ಯಾರೂ ಹೇಳಬೇಕಾಗಿಲ್ಲ. ಐನೂರು ಅಡಿ ಆಳದಿಂದ ಎತ್ತಿದ ಪಂಪಿನ ನೀರೆತ್ತುವ ಚಕ್ರದ (ಇಂಪೆಲ್ಲರ್) ಮೇಲೆ ಕುಂತಿರುವುದೂ ಅದೇ, ನಮ್ಮ ಬಚ್ಚಲಿನ ಹಂಡೆಯ ತಳದಲ್ಲಿ ಇರುವುದೂ ಅದೇ.

ಗಾಡಿ ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ, ಬೇವಿನ ಗಿಡದ ಕೆಳಗೆ ಎಂಟು ತಿಂಗಳಿಂದ ನಿಂತಿತ್ತು. 2010ರ ಮಿತ್ಸುಬಿಷಿ ಪಜೇರೋ ಎಸ್‌ಎಫ್‌ಎಕ್ಸ್, 2.8 ಲೀಟರ್ ಡೀಸೆಲ್ ಎಂಜಿನ್, ಮೀಟರಿನಲ್ಲಿ 2,84,000 ಕಿಲೋಮೀಟರ್. ಹೊಸದಿದ್ದಾಗ ನನ್ನಂಥವರು ಬೆಲೆ ಕೇಳಲೂ ಹೋಗದಂಥ ಗಾಡಿ. ತೋಟದ ಹಿರಿಯರು ಏನನ್ನೂ ಬಚ್ಚಿಡಲಿಲ್ಲ. "ಬಿಸಿ ಆಗ್ತದ್ರಿ. ಹತ್ತು ಕಿಲೋಮೀಟರ್ ಹೋಗೂದ್ರಾಗ ಮುಳ್ಳು ಮ್ಯಾಲ ಏರ್ತದ. ಆಮ್ಯಾಲ ನೀವು ಬೈಬಾರ್ದು ನೋಡ್ರಿ" ಎಂದರು. ಕೂಲಂಟ್ ಯಾವುದು ಹಾಕ್ತಿದ್ರಿ ಎಂದೆ. ಡ್ರೈವರ್ ಹುಡುಗ ತೋಟದ ಪೈಪಿನ ಕಡೆ ಕೈ ತೋರಿಸಿದ.

ಎಂಜಿನ್ ತಣ್ಣಗಿದ್ದಾಗಲೇ ಚಾಲೂ ಮಾಡಿಸಿ, ಮುಚ್ಚಳ ಹಾಕಿ ಮೇಲಿನ ಹೋಸ್ ಪೈಪ್ ಹಿಡಿದು ನಿಂತೆ. ನೀರು ಬಿಸಿಯಾಗಿ ಪೈಪ್ ಬಿಗಿಯಾಗಲು ಸ್ವಲ್ಪ ಹೊತ್ತು ಬೇಕು. ಇಲ್ಲಿ ಎರಡೇ ನಿಮಿಷಕ್ಕೆ, ಪೈಪ್ ಇನ್ನೂ ತಣ್ಣಗಿರುವಾಗಲೇ, ಕಲ್ಲಿನಂತೆ ಗಟ್ಟಿಯಾಯಿತು. ಪಕ್ಕದ ಡಬ್ಬಿಯಲ್ಲಿ ಗುಳ್ಳೆ ಏಳತೊಡಗಿದವು. ಸಿಲಿಂಡರಿನೊಳಗಿನ ಗ್ಯಾಸು ನೀರಿನ ದಾರಿಗೆ ನುಗ್ಗುತ್ತಿದೆ ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಹಾಳೆ, ಹೆಡ್ ಗ್ಯಾಸ್ಕೆಟ್, ಹೋಗಿದೆ, ಇಲ್ಲವೇ ಹೆಡ್ಡೇ ಸೀಳಿದೆ. ಆದರೆ ಸೈಲೆನ್ಸರಿನ ಹೊಗೆಯಲ್ಲಿ ನೀಲಿ ಇರಲಿಲ್ಲ, ಆಯಿಲ್ ಕಡ್ಡಿಗೆ ಹಾಲಿನಂಥ ಕೆನೆ ಹತ್ತಿರಲಿಲ್ಲ, ಟೈಮಿಂಗ್ ಚೈನಿನ ಕಟಕಟ ಇರಲಿಲ್ಲ. ಅಡಿಯಲ್ಲಿ ಮಲಗಿ ಚಾಸಿ ನೋಡಿದೆ, ತುಕ್ಕು ತಿಂದಿರಲಿಲ್ಲ. ನಮ್ಮ ಸೀಮೆಯ ಒಣ ಹವೆಯ ಉಪಕಾರ ಅದು. 3,40,000ಕ್ಕೆ ಶುರುವಾದ ಮಾತು 2,60,000ಕ್ಕೆ ಮುಗಿಯಿತು. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಮನೆಗೆ ತಂದೆ.

ಯಾಕೆ ಬೇಕಿತ್ತು ಎಂದು ಎಷ್ಟೋ ಮಂದಿ ಕೇಳಿದ್ದಾರೆ. ಮರಳುಗಾಡಿನ ಡಕಾರ್ ರ್‍ಯಾಲಿಯಲ್ಲಿ 2001ರಿಂದ 2007ರವರೆಗೆ ಸಾಲಾಗಿ ಏಳು ಸಲ ಗೆದ್ದ ಗಾಡಿಯ ಬಳಗ ಇದು. ಹುಡುಗನಾಗಿದ್ದಾಗಿಂದ ಹಿಡಿದ ಹುಚ್ಚು. ಅದಕ್ಕಿಂತ ದೊಡ್ಡ ಕಾರಣ ನನ್ನ ಕೆಲಸ. ಮಳೆಗಾಲದಲ್ಲಿ ಕಪ್ಪು ಮಣ್ಣಿನ ಎರಿ ಹೊಲದ ನಡುವಿನ ಬೋರಿಗೆ ಹೋಗಬೇಕೆಂದರೆ ಪಿಕಪ್ ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ, ಕೇಬಲ್, ಚೈನ್‌ಪುಲ್ಲಿ ಎಲ್ಲ ಹೆಗಲ ಮೇಲೆ. ಈ ಪಜೇರೋದ ಗೇರಿನ ಪಕ್ಕದ ಸಣ್ಣ ಲಿವರ್ ನನಗೆ ಬೇಕಾಗಿತ್ತು. ಎರಡು ಗಾಲಿ, ನಾಲ್ಕು ಗಾಲಿ, ನಡುವಿನ ಡಿಫರೆನ್ಷಿಯಲ್ ಲಾಕ್ ಆದ ನಾಲ್ಕು ಗಾಲಿ, ಕೊನೆಗೆ ಲೋ ಗೇರು. ಮುಂದಿನ ಹಿಂದಿನ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇರುವುದರಿಂದ ನಾಲ್ಕು ಗಾಲಿ ಹಾಕಿಕೊಂಡೇ ಡಾಂಬರಿನ ಮೇಲೂ ಓಡಿಸಬಹುದು. ಹಳೆಯ ಜೀಪುಗಳಲ್ಲಿ ಆ ಸೌಕರ್ಯ ಇಲ್ಲ.

ಹೆಡ್ ಬಿಚ್ಚಿದ ದಿನ ಭಾನುವಾರ. ಮಿಸ್ತ್ರಿ ಕಾಕಾ ನಮ್ಮ ಅಂಗಡಿಯ ಮುಂದೆಯೇ ತಾಡಪತ್ರಿ ಹಾಸಿ ಕೂತರು. ಮೊದಲು ಬಿಚ್ಚಿದ್ದು ಥರ್ಮೋಸ್ಟಾಟ್, ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಕವಾಟ. ಅದರ ಗೂಡಿನೊಳಗೆ ಜೋಳದ ಕಾಳಿನಷ್ಟು ದಪ್ಪ ಪೊರೆ, ಪದರದ ಮೇಲೆ ಪದರ. ಸ್ಕ್ರೂಡ್ರೈವರಿನಿಂದ ಒತ್ತಿದರೆ ಮೊಟ್ಟೆಯ ಚಿಪ್ಪಿನಂತೆ ಚಕ್ಕೆ ಏಳುತ್ತಿತ್ತು. ಥರ್ಮೋಸ್ಟಾಟ್ ಬಾಯಿ ತೆರೆಯಲಾರದೆ ಹಾಗೆಯೇ ಹಿಡಿದುಕೊಂಡಿತ್ತು. ರೇಡಿಯೇಟರಿನ ನಳಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿದ್ದವು.

ಅವ್ವ ಚಹಾ ತಂದವಳು ಆ ಚಕ್ಕೆ ಕೈಯಲ್ಲಿ ತಗೊಂಡು ನೋಡಿದಳು. "ಬ್ಯಾಳಿ ಬೇಯದ ನೀರು ಇದು. ಇದನ್ನ ಎಂಜಿನ್ನಿಗೆ ಹಾಕಿದ್ರ ಅದರ ಹೊಟ್ಟಿ ಏನಾದೀತು?" ಎಂದಳು. ನಮ್ಮ ಮನೆಯಲ್ಲಿ ಇವತ್ತಿಗೂ ಬೇಳೆಗೆ ಮಾಳಿಗೆಯ ಮಳೆನೀರು. ಬೋರಿನ ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಕುದಿದಾಗ ಅದೇ ಪಾತ್ರೆಗೆ ಪೊರೆಯಾಗಿ ಹತ್ತುತ್ತದೆ. ಎಂಜಿನ್ ಅಂದರೆ ದಿನವಿಡೀ ಬಿಸಿನೀರು ಕಾಯಿಸುವ ಹಂಡೆ. ಪೊರೆ ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ. ಕೆಳಗಿನ ಬ್ಲಾಕು ಬೀಡು ಕಬ್ಬಿಣದ್ದು, ಮೇಲಿನ ಹೆಡ್ಡು ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ಡೊಂಕಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಹೆಡ್ ಎತ್ತಿದಾಗ ನಾಲ್ಕನೇ ಸಿಲಿಂಡರಿನಿಂದ ನೀರಿನ ತೂತಿನವರೆಗೆ ಕಪ್ಪು ಗೆರೆಯೊಂದು ಕಂಡಿತು. ಇಷ್ಟು ದಿನ ಗ್ಯಾಸು ಹೋಗುತ್ತಿದ್ದ ದಾರಿ.

"ಹೆಡ್ ಸೀಳಿರದಿದ್ರ ಗಾಡಿ ಉಳೀತು ನೋಡ್ರಿ" ಎಂದರು ಕಾಕಾ.

ಆ ರಾತ್ರಿಯೇ ಹೆಡ್ಡನ್ನು ಹಳೆಯ ಕೌದಿಯಲ್ಲಿ ಸುತ್ತಿ ಬೆಳಗಾವಿ ಬಸ್ ಹತ್ತಿದೆ. ಸುಮಾರು 200 ಕಿಲೋಮೀಟರ್, ಅಷ್ಟೂ ದಾರಿ ಅದು ನನ್ನ ಕಾಲ ಸಂದಿಯಲ್ಲಿತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸ, ಲೇತ್ ಕೆಲಸ ತಲೆಮಾರಿನಿಂದ ಬಲ್ಲ ಕೈಗಳಿವೆ. ಅಲ್ಲಿ ಹೆಡ್ಡಿನ ನೀರಿನ ತೂತುಗಳನ್ನೆಲ್ಲ ರಬ್ಬರ್ ಇಟ್ಟು ಪಟ್ಟಿ ಬಿಗಿದು ಮುಚ್ಚಿ, ಒಂದು ಕಡೆಯಿಂದ ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಕಣ್ಣಿಗೆ ಕಾಣದ ಸೀಳು ಬಿಸಿಗೆ ಬಾಯಿ ಬಿಡುತ್ತದೆ, ಗುಳ್ಳೆ ಏಳುತ್ತದೆ. ತೊಟ್ಟಿಯ ಅಂಚು ಹಿಡಿದು ನಿಂತೆ. ಮೊದಲು ಒಂದಷ್ಟು ಗುಳ್ಳೆ ಬಂದವು, ಎದೆ ಧಸಕ್ಕೆಂದಿತು. ರಬ್ಬರಿನ ಅಂಚಿನಿಂದ ಬಂದದ್ದೆಂದು ಹುಡುಗ ಮತ್ತೊಂದು ಸುತ್ತು ಬಿಗಿದ. ಆಮೇಲೆ ನೀರು ಕನ್ನಡಿಯಂತೆ ನಿಂತಿತು. ಕಾಲು ಗಂಟೆ ಕಾದೆವು, ಒಂದು ಗುಳ್ಳೆ ಏಳಲಿಲ್ಲ.

ನೇರ ಪಟ್ಟಿ ಇಟ್ಟು ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿದಾಗ 0.15 ಮಿಲಿಮೀಟರ್ ಡೊಂಕು. ಅದನ್ನು ಸಾಣೆ ಹಿಡಿಸಿ ಸಮ ಮಾಡಿಸಿದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು ಗ್ಯಾಸ್ಕೆಟ್ ದಪ್ಪ ಆರಿಸಬೇಕು, ಸಿಕ್ಕಿದ್ದನ್ನು ಹಾಕುವ ಹಾಗಿಲ್ಲ. ಆ ಗ್ಯಾಸ್ಕೆಟ್ ಮುಂಬೈನಿಂದ ಬಸ್ಸಿನ ಪಾರ್ಸಲಿನಲ್ಲಿ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಬ್ಲಾಕಿನ ನೀರಿನ ದಾರಿಗೆ ಸಿಟ್ರಿಕ್ ಆಸಿಡ್ ಕಲಸಿದ ಬಿಸಿನೀರು ಹಾಕಿ, ಚೆಲ್ಲಿ, ಮತ್ತೆ ಹಾಕಿ ತೊಳೆದೆ. ಆರನೇ ಸಲಕ್ಕೆ ತಿಳಿನೀರು ಬಂತು. ರೇಡಿಯೇಟರಿಗೆ ಹೊಸ ಕೋರ್ ಹಾಕಿಸಿದೆ.

ಕಾಕಾ ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಟಾರ್ಕ್ ವ್ರೆಂಚಿನಿಂದ ಹಂತಹಂತವಾಗಿ ಬಿಗಿದರು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ ಕಲಸಿ ತುಂಬಿದೆವು. ಒಳಗೆ ಗಾಳಿ ಉಳಿಯದಂತೆ ಹೀಟರ್ ಪೂರ್ತಿ ತೆರೆದಿಟ್ಟಿದ್ದೆವು. ಚಾಲೂ ಆಗುವ ಮುಂಚೆ ಎಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್ಗಿನ ದೀಪ ಆರಿತು, ಕೀಲಿ ತಿರುವಿದೆ. ನಾಲ್ಕನೇ ಸುತ್ತಿಗೆ ಹಿಡಿಯಿತು. ಕಾಕಾ ಹೋಸ್ ಪೈಪ್ ಒತ್ತಿ ನೋಡಿ, ಮಾತಾಡದೆ ನನ್ನ ಕೈ ಎಳೆದು ಅದರ ಮೇಲಿಟ್ಟರು. ಮೆತ್ತಗಿತ್ತು.

ಉಳಿದವು ಸಣ್ಣ ಕೆಲಸ. ಬುಷ್, ಬಾಲ್ ಜಾಯಿಂಟ್, ಎಲ್ಲ ಆಯಿಲ್. ನಾಲ್ಕು ಗಾಲಿಗೆ ಹಾಕಿದರೆ ಡ್ಯಾಶಿನಲ್ಲಿ ಮುಂದಿನ ಗಾಲಿಗಳ ದೀಪ ಮಿಣುಕುತ್ತಲೇ ಇತ್ತು. ಗೇರ್‌ಬಾಕ್ಸ್ ಇಳಿಸಬೇಕು ಅಂದವರಿದ್ದರು. ಮುಂದಿನ ಆಕ್ಸಲ್ಲನ್ನು ಜೋಡಿಸುವುದು ವ್ಯಾಕ್ಯೂಮ್. ಅದರ ರಬ್ಬರ್ ಪೈಪ್ ಬಿಸಿಲಿಗೆ ಒಣಗಿ ಬಿರಿದಿತ್ತು. ಇನ್ನೂರು ರೂಪಾಯಿಯ ಪೈಪಿನಲ್ಲಿ ಮುಗಿಯಿತು. ಒಟ್ಟು ಖರ್ಚು 1,40,000. 15 ವರ್ಷ ತುಂಬಿದಾಗ ಆರ್‌ಸಿ ನವೀಕರಣದ ಹಣವನ್ನೂ ಬೇರೆ ತೆಗೆದಿಟ್ಟಿದ್ದೆ.

ಮೇ ತಿಂಗಳ ಮಧ್ಯಾಹ್ನ ಎಸಿ ಹಾಕಿಕೊಂಡು ಕೊಲ್ಹಾರದ ಸೇತುವೆ ತನಕ ಹೋಗಿ ಬಂದೆ. ಮುಳ್ಳು ಅರ್ಧಕ್ಕಿಂತ ಕೆಳಗೇ ನಿಂತಿತ್ತು. ಆದರೂ ಧೈರ್ಯ ಬಂದದ್ದು ಮಳೆ ಹಿಡಿದ ಮೇಲೆ, ಸಾರವಾಡದ ಆಚೆ ಡೋಣಿ ಹೊಳೆಯ ದಂಡೆಯ ಹೊಲವೊಂದರಿಂದ ಕರೆ ಬಂದ ದಿನ. ಡೋಣಿ ಸೀಮೆಯ ಎರಿ ಮಣ್ಣು ನೀರು ಕುಡಿದರೆ ಬೆಲ್ಲದ ಪಾಕದಂತೆ ಹಿಡಿಯುತ್ತದೆ. ಡಿಫರೆನ್ಷಿಯಲ್ ಲಾಕ್, ಲೋ ಗೇರು ಹಾಕಿ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ತುಳಿಯದೆ ಬಿಟ್ಟೆ. ಗಾಡಿ ಎತ್ತಿನಂತೆ ತಲೆ ತಗ್ಗಿಸಿ ಎಳೆಯಿತು. ಗಾಲಿಗಳ ಮೇಲಿನ ಬಿಲ್ಲಿನೊಳಗೆ ಮಣ್ಣು ತುಂಬಿ ಉಜ್ಜುವ ಸದ್ದು. ಬೋರಿನ ಪಕ್ಕಕ್ಕೇ ಹೋಗಿ ನಿಲ್ಲಿಸಿದೆ. ಹೊಲದವರು, "ಮೋಟರ್ ಹೊತ್ತು ತರಬೇಕಾಗ್ತದಂತ ನಾಲ್ಕ ಮಂದೀನ್ನ ಕರಸಿದ್ನ್ರಿ" ಎಂದರು.

ಮರುದಿನ ಬೆಳಿಗ್ಗೆ ಆ ಮಣ್ಣು ಒಣಗಿ ಕಲ್ಲಾಗಿತ್ತು. ಖುರಪಿ ಹಿಡಿದು ಒಂದು ತಾಸು ಕೆರೆದೆ. ಕೈ ತೊಳೆದುಕೊಂಡು ಬಾನೆಟ್ ಎತ್ತಿ, ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದೆ. ಹಸಿರು ನೀರು ಬಾಯಿಮಟ್ಟ ಇತ್ತು.