‘ಅದ್ಹೇಗೆ ಎಲ್ಲ ಬಿಟ್ಟು ಇರ್ತೀರಿ ರೈಟ್ರೇ?’

ನಾನು ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಭಾನುವಾರ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಹೋಗುತ್ತೇನೆ. ಕುಡಿಯುವುದಿಲ್ಲ, ಇಸ್ಪೀಟ್ ಆಡುವುದಿಲ್ಲ. ಕೊಡಗಿನಲ್ಲಿ ಇಷ್ಟಿದ್ದರೆ ಸಾಕು, ಪ್ರತಿ ಮದುವೆಮನೆಯಲ್ಲೂ ಒಂದೇ ಪ್ರಶ್ನೆ: ‘ಇಷ್ಟೆಲ್ಲ ಆಸೆಗಳ ಮಧ್ಯೆ ದೇವರ ಮೇಲೆ ಮನಸ್ಸಿಟ್ಟು ಅದ್ಹೇಗೆ ಇರ್ತೀರಿ ರೈಟ್ರೇ?’

ಕೇಳುವವರ ಕೈಯಲ್ಲಿ ಗ್ಲಾಸ್ ಇರುತ್ತದೆ. ಹಾಗಾಗಿ ಪ್ರಶ್ನೆ ಗ್ಲಾಸಿನ ಬಗ್ಗೆಯೇ ಅಂತ ಇಬ್ಬರಿಗೂ ಗೊತ್ತು. ನಗುತ್ತೇನೆ, ಇನ್ನೊಂದು ಕಡುಬು ಹಾಕಿಸಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಕುಡಿತ ಕಷ್ಟವೇ ಅಲ್ಲ. ಅಪ್ಪ ಕುಡಿಯುತ್ತಿದ್ದ, ಆ ವಾಸನೆಗೇ ಹೊಟ್ಟೆ ತೊಳಸುತ್ತದೆ. ಅದರಲ್ಲಿ ನನ್ನ ಭಕ್ತಿಯ ಪಾಲು ಏನೂ ಇಲ್ಲ.

ಕಷ್ಟ ಇದ್ದದ್ದು ಮೊಬೈಲಿನದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬೆರಳು ಎಲ್ಲೆಲ್ಲೋ ಹೋಗುತ್ತಿತ್ತು. ಗಂಡಸರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಪ್ರಾರ್ಥನೆ ಮಾಡಿದೆ, ಶಪಥ ಮಾಡಿದೆ, ಎರಡೂ ವಾರ ತುಂಬಲಿಲ್ಲ. ಆಮೇಲೆ ಬೈಬಲಿನ ಆದಿಕಾಂಡದ 39ನೇ ಅಧ್ಯಾಯದ ಯೋಸೇಫ ನೆನಪಾದ. ಯಜಮಾನನ ಹೆಂಡತಿ ಬಟ್ಟೆ ಹಿಡಿದು ಎಳೆದಾಗ ಅವನು ಅಲ್ಲಿ ನಿಂತು ಮನಸ್ಸು ಗಟ್ಟಿ ಮಾಡಿಕೊಳ್ಳಲಿಲ್ಲ. ಬಟ್ಟೆ ಅವಳ ಕೈಯಲ್ಲೇ ಬಿಟ್ಟು ಓಡಿದ. ನಾನೂ ಅಷ್ಟೇ ಮಾಡಿದೆ. ಒಂಬತ್ತಕ್ಕೆ ಮೊಬೈಲ್ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ. ಬೆಳಗ್ಗೆ ಏಳಿಸಲು ಐನೂರು ರೂಪಾಯಿಯೊಳಗಿನ ಒಂದು ಗಡಿಯಾರ. ಯಾರಾದರೂ ಉಪಾಯ ಕೇಳಿದರೆ ಇದನ್ನೇ ಹೇಳುತ್ತೇನೆ.

ಆದರೆ ನನ್ನನ್ನು ಬೀಳಿಸಿದ್ದು ಇದ್ಯಾವುದೂ ಅಲ್ಲ, ತಕ್ಕಡಿ.

ರೋಬಸ್ಟಾ ಕುಯ್ಲಿನ ಸಮಯ. ಸಂಜೆ ಐದಾದರೆ ಕಣದ ಪಕ್ಕ ಸಾಲು. ಹಣ್ಣು ಕುಯ್ದವರು ತಮ್ಮ ಚೀಲ ತಂದು ಕೊಕ್ಕೆಗೆ ಸಿಕ್ಕಿಸುತ್ತಾರೆ. ಮುಳ್ಳು ಅಲ್ಲಾಡಿ ನಿಲ್ಲುತ್ತದೆ. ಕೂಲಿ ಕೆಜಿ ಲೆಕ್ಕ. ನಾನು ಕೂಗಿ ಹೇಳಿ ಎರಡು ಕಡೆ ಬರೆಯಬೇಕು, ಸಾಹುಕಾರ್ರ ಪುಸ್ತಕದಲ್ಲಿ ಒಮ್ಮೆ, ಅವರ ಚೀಟಿಯಲ್ಲಿ ಒಮ್ಮೆ. ಸಾಹುಕಾರ್ರು ಪುಸ್ತಕ ನೋಡಿ ದುಡ್ಡು ಕೊಡುತ್ತಾರೆ, ನಾನು ಚೀಟಿ ನೋಡಿ ಹಂಚುತ್ತೇನೆ. ಆ ವಾರ ಮಗಳ ಫೀಸು ಕಟ್ಟಬೇಕಿತ್ತು. ಮುಳ್ಳು ನಲವತ್ತೆಂಟೂವರೆಗೆ ನಿಂತಿತು. ಪುಸ್ತಕದಲ್ಲಿ ನಲವತ್ತೆಂಟೂವರೆ ಬರೆದೆ. ಚೀಟಿಯಲ್ಲಿ ನಲವತ್ತೆಂಟು. ಕೈ ನಡುಗಲಿಲ್ಲ. ಮೂವತ್ತು ಜನ, ತಲೆಗೆ ಅರ್ಧ ಕೆಜಿ, ದಿನಕ್ಕೆ ಹದಿನೈದು ಕೆಜಿಯ ಕೂಲಿ ನನ್ನ ಜೇಬಿಗೆ. ನಾಲ್ಕು ದಿನ ಹೀಗೇ ನಡೆಯಿತು. ಆ ನಾಲ್ಕು ದಿನವೂ ಮನೆಯಲ್ಲಿ ಜಪಸರ ತಪ್ಪಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಐದನೆಯ ದಿನ ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ನಮ್ಮ ಉಪವಾಸ ಕಾಲ ಶುರುವಾಗುವ ದಿನ. ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು ಅದೇ ತಕ್ಕಡಿ ಮುಂದೆ ನಿಂತೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ ಬೈಬಲಿನ ಜ್ಞಾನೋಕ್ತಿ 11ನೇ ಅಧ್ಯಾಯದ ಮೊದಲ ಸಾಲೇ ಹೇಳುತ್ತದೆ. ಎಷ್ಟೋ ಸಲ ಓದಿದ್ದೆ. ಅದು ಅಂಗಡಿಯವರಿಗೆ ಬರೆದದ್ದು ಅಂದುಕೊಂಡಿದ್ದೆ.

ಯೇಸು ನಲವತ್ತು ದಿನ ಉಪವಾಸ ಇದ್ದಾಗ ಸೈತಾನ ಮೊದಲು ತಂದದ್ದು ಹೆಂಡವನ್ನಲ್ಲ, ಹೆಣ್ಣನ್ನಲ್ಲ. ಈ ಕಲ್ಲನ್ನು ರೊಟ್ಟಿ ಮಾಡು ಅಂದ. ಹಸಿದವನಿಗೆ ರೊಟ್ಟಿ ಪಾಪವೇ? ಮಗಳ ಫೀಸು ಪಾಪವೇ? ಶೋಧನೆ, ಅಂದರೆ ಪಾಪಕ್ಕೆ ಎಳೆಯುವ ಆಸೆ, ಬರುವಾಗ ಹೀಗೆ ಮನೆಯವನ ಹಾಗೆ ಬರುತ್ತದೆ, ಕಳ್ಳನ ಹಾಗೆ ಬಂದರೆ ನಾಯಿಯಾದರೂ ಬೊಗಳುತ್ತಿತ್ತು. ಕುಡಿಯದ ನನ್ನಂಥವರಿಗೆ ಇನ್ನೊಂದು ಅಪಾಯವಿದೆ. ಊರೆಲ್ಲ ‘ಒಳ್ಳೇ ಮನುಷ್ಯ’ ಅನ್ನುತ್ತದೆ, ನಮ್ಮ ಪುಸ್ತಕ ಯಾರೂ ತೆಗೆದು ನೋಡುವುದಿಲ್ಲ.

ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳಲು, ಪಾಪನಿವೇದನೆಗೆ ಹೋದೆ. ನಮ್ಮ ಚರ್ಚಿಗೆ ದೊಡ್ಡ ಇತಿಹಾಸವಿದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟು, 1792ರಲ್ಲಿ ಶುರುವಾದದ್ದು. ಅಂಥ ಜಾಗದಲ್ಲಿ ಮಂಡಿಯೂರಿ ಅರ್ಧ ಕೆಜಿ ಕಾಫಿ ಹಣ್ಣಿನ ಕಥೆ ಹೇಳಲು ನಾಚಿಕೆಯಾಯಿತು. ಫಾದರ್ ಜಾಸ್ತಿ ಮಾತಾಡಲಿಲ್ಲ. ‘ಯಾರದ್ದು ತೆಗೊಂಡ್ಯೋ ಅವರಿಗೆ ಕೊಟ್ಟು ಬಾ’ ಅಂದರು.

ತೋಟದ ಕೆಲಸದವರು ಇರುವ ಲೈನ್ ಮನೆಗೆ ಹೋಗಿ ಒಬ್ಬೊಬ್ಬರಿಗೇ ಕೊಟ್ಟೆ. ‘ಲೆಕ್ಕ ತಪ್ಪಿತ್ತು’ ಅಂತ ಶುರು ಮಾಡಿದವನು ಮೂರನೇ ಮನೆಯಲ್ಲಿ ‘ತಪ್ಪಿಸಿದ್ದೆ’ ಅಂದೆ. ಆ ಮನೆಯ ಹೆಂಗಸು ಬೆರಳು ನೆಕ್ಕಿ ನೋಟು ಎಣಿಸಿ, ಸೆರಗಿಗೆ ಕಟ್ಟಿಕೊಂಡು, ‘ಗೊತ್ತಿತ್ತು ರೈಟ್ರೇ’ ಅಂದಳು. ಈಗಲೂ ನಾನು ಕೂಗುವ ಮೊದಲೇ ಅವಳು ಮುಳ್ಳು ನೋಡುತ್ತಾಳೆ. ನೋಡಲಿ. ನನಗೂ ಅದೇ ಒಳ್ಳೇದು.

ಅಸ್ಸಾಮಿನ ಇಬ್ಬರು ಹುಡುಗರು ಅಷ್ಟರಲ್ಲಿ ಊರು ಬಿಟ್ಟಿದ್ದರು. ಇದ್ದ ನಂಬರಿಗೆ ಫೋನ್ ಹೋಗುತ್ತಿಲ್ಲ. ಅವರ ದುಡ್ಡು ಕವರಿನಲ್ಲಿ ಹಾಕಿ ನನ್ನ ಬೈಬಲ್ ಒಳಗೆ ಇಟ್ಟಿದ್ದೇನೆ. ದಿನಾ ಪುಟ ತೆಗೆದರೆ ಮೊದಲು ಅದೇ ಸಿಗುತ್ತದೆ.