ಸರ್ವಿಸ್ ಆದ ಮೇಲೆ ಹತ್ತಿದ ದೀಪಗಳು

ಡೀಲರ್ ಹತ್ತಿರ ಸರ್ವಿಸ್ ಆಗಿ ಬಂದ ನನ್ನ ಮೂರು ಚಕ್ರದ ಬೈಕಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಪವರ್ ಸ್ಟೀರಿಂಗ್, ಇಂಜಿನ್ ಎಚ್ಚರಿಕೆ ದೀಪಗಳು ಒಟ್ಟಿಗೇ ಹತ್ತಿಕೊಂಡವು. ಮೂರೂ ಒಂದೇ ಸಲ ಕೆಡುವುದು ಅಪರೂಪ, ಅಲ್ವಾ? ಇಂಥ ಹೊತ್ತಲ್ಲಿ ಯಾಕೋ ಮನಸ್ಸು ಮೊದಲು ದುಬಾರಿ ಪಾರ್ಟ್ ಕಡೆಗೇ ಓಡುತ್ತದೆ. ನಾನು ಬ್ಯಾಟರಿಯಿಂದ ಶುರು ಮಾಡಿದೆ. ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿತು, ಚಾರ್ಜ್ ಚೆನ್ನಾಗಿದೆ. ಆದರೆ ಸ್ಟಾರ್ಟ್ ಒತ್ತಿದ ಕೂಡಲೇ ನೆಗೆಟಿವ್ ಟರ್ಮಿನಲ್‌ಗೂ ಫ್ರೇಮಿಗೂ ನಡುವೆ 1 ವೋಲ್ಟಿಗಿಂತ ಜಾಸ್ತಿ! ಅಲ್ಲಿ ಅರ್ಧ ವೋಲ್ಟ್ ಕೂಡ ಇರಬಾರದು. ನೋಡಿದರೆ, ನೆಗೆಟಿವ್ ಟರ್ಮಿನಲನ್ನು ಫ್ರೇಮಿಗೆ ಜೋಡಿಸುವ ಅರ್ಥಿಂಗ್ ವೈರಿನ ಬೋಲ್ಟ್ ಬೆರಳಲ್ಲೇ ತಿರುಗುತ್ತಿತ್ತು. ಉಜ್ಜಿ ಬಿಗಿ ಮಾಡಿದೆ, ದೀಪಗಳು ಆರಿದವು.

ಸ್ಟೀರಿಂಗ್‌ಗೂ ಕರೆಂಟ್ ಬೇಕಾದ ಗಾಡಿ ಇದು. ಬಿಚ್ಚಿದ ಬೋಲ್ಟ್ ಬಿಗಿ ಮಾಡಿ ಕೊಡುವುದೂ ಸರ್ವಿಸ್ ಕೆಲಸವೇ. ನಾಳೆ ಹೋಗಿ ಜಾಬ್ ಕಾರ್ಡಿನಲ್ಲಿ ಇದನ್ನು ಬರೆಸುತ್ತೇನೆ.